ಹೂಮಳೆಯ ಲೆಕ್ಕದಲ್ಲಿ ಎಂಟು ಸೆಂಟ್ ಕಮ್ಮಿ

ಕೊಡಗಿನ ಕಾಫಿ ತೋಟಗಳಲ್ಲಿ ಈಗಲೂ ಮಳೆಯ ಲೆಕ್ಕ ಇಂಚು, ಸೆಂಟಿನಲ್ಲೇ. ನೂರು ಸೆಂಟ್ ಸೇರಿದರೆ ಒಂದು ಇಂಚು. ಭಾಗಮಂಡಲದ ಹತ್ತಿರ ತೋಟ ಇರುವ ನಮ್ಮ ಮಾವ ಇದನ್ನು ಮೂರಂಕಿಯಲ್ಲಿ ಬರೆದಿಡುತ್ತಾರೆ. ಒಂದೂಕಾಲು ಇಂಚು ಬಿದ್ದರೆ 125, ನಲವತ್ತೈದು ಸೆಂಟ್ ಆದರೆ 045.

ಇದನ್ನು ಕೂಡಲು ಸಿ ಭಾಷೆಯಲ್ಲಿ ಪುಟ್ಟ ಪ್ರೋಗ್ರಾಂ ಬರೆದೆ. ಜುಲೈನ ಒಂದು ವಾರ ಹಾಕಿ ನೋಡಿದೆ, ಸರಿ ಬಂತು. ಕಾಫಿ ಹೂ ಅರಳಿಸುವ ಹೂಮಳೆಯ ಮಾರ್ಚ್ ಹಾಕಿದಾಗ ಮಾವ ಕನ್ನಡಕ ಏರಿಸಿದರು. "ನನ್ನ ತೋಟದಲ್ಲಿ ಬಿದ್ದ ಹೂಮಳೆ ನಿನ್ನ ಕಂಪ್ಯೂಟರಲ್ಲಿ ಬಿದ್ದೇ ಇಲ್ವಲ್ಲೋ!"

045 ಅನ್ನು ಪ್ರೋಗ್ರಾಂ 37 ಎಂದು ಓದಿತ್ತು. ಸಿ ಭಾಷೆಯಲ್ಲಿ ಅಂಕಿ ಓದಿಕೊಳ್ಳುವ ಕೆಲಸ ಸ್ಕ್ಯಾನ್‌ಎಫ್‌ನದು, ಹೇಗೆ ಓದಬೇಕು ಎಂದು ಹೇಳುವ ಗುರುತಾಗಿ ನಾನು ಅದಕ್ಕೆ %ಡಿ ಬದಲು %ಐ ಕೊಟ್ಟಿದ್ದೆ. %ಡಿ ಯಾವಾಗಲೂ ಹತ್ತರ ಲೆಕ್ಕ. %ಐ ಹಾಗಲ್ಲ, ಅಂಕಿಯ ಮುಖ ನೋಡಿ ಲೆಕ್ಕ ಹಾಕುತ್ತದೆ. ಮುಂದೆ 0 ಇದ್ದರೆ ಎಂಟರ ಲೆಕ್ಕ, 0 ಮತ್ತು ಎಕ್ಸ್ ಇದ್ದರೆ ಹದಿನಾರರ ಲೆಕ್ಕ. ಹಾಗಾಗಿ 045 ಅಂದರೆ ನಾಲ್ಕೆಂಟ್ಲಿ ಮೂವತ್ತೆರಡು, ಮೇಲೆ ಐದು. ಜುಲೈನ ಆ ವಾರ ದಿನಾ ಇಂಚಿನ ಮೇಲೇ ಸುರಿದಿತ್ತು. ಸೊನ್ನೆಯಿಂದ ಶುರುವಾಗುವ ಅಂಕಿಯೇ ಇಲ್ಲದೆ ತಪ್ಪು ಅಡಗಿ ಕೂತಿತ್ತು.

ಇನ್ನೂ ಮಜಾ 080ರದ್ದು. ಎಂಟರ ಲೆಕ್ಕದಲ್ಲಿ 8 ಎಂಬ ಅಂಕಿಯೇ ಇಲ್ಲ, ಇರುವುದು 0ಯಿಂದ 7. ಸ್ಕ್ಯಾನ್‌ಎಫ್ ಮೊದಲ ಸೊನ್ನೆ ತೆಗೆದುಕೊಂಡು ಅಲ್ಲೇ ನಿಂತಿತು. ಉಳಿದ 80 ಮರುದಿನದ ಮಳೆಯಾಯಿತು! ಒಂದು ದಿನ ಎರಡಾಗಿ, ಮುಂದಿನ ತಾರೀಖೆಲ್ಲ ಜಾರಿದವು. ಈ 080ರಿಂದ ಮೊತ್ತ ಮಾತ್ರ ತಪ್ಪಲಿಲ್ಲ. ಇಂಥ ತಪ್ಪು ಕಣ್ಣಿಗೆ ಬೀಳೋದು ಕಷ್ಟ ಅಲ್ವಾ?

ಈ ಸೊನ್ನೆಯ ಚಾಳಿ ಸಿಗೆ ಬಂದದ್ದು ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನಲ್ಲಿ ಸಿಗಿಂತ ಮೊದಲು ಹುಟ್ಟಿದ ಬಿ ಭಾಷೆಯಿಂದ. ಅಲ್ಲಿ ಬಳಸಿದ ಪಿಡಿಪಿ-7 ಕಂಪ್ಯೂಟರಿನ ಪದ, ಅಂದರೆ ಅದು ಒಂದು ಸಲಕ್ಕೆ ಹಿಡಿಯುವ ತುಂಡು, 18 ಬಿಟ್‌ನದು (ಒಂದು ಬಿಟ್ ಅಂದರೆ ಒಂದು 0 ಅಥವಾ 1). ಎಂಟರ ಲೆಕ್ಕದಲ್ಲಿ ಬರೆದರೆ ಮೂರು ಬಿಟ್‌ಗೆ ಒಂದು ಅಂಕಿಯಂತೆ ಆರು ಅಂಕಿಯಲ್ಲಿ ಮುಗಿಯುತ್ತದೆ. ಅವರಿಗೆ ಅದು ಅನುಕೂಲ, ಮಳೆ ಬರೆಯುವವರಿಗೆ ಸುಮ್ನೆ ತಲೆನೋವು.

%ಡಿ ಹಾಕಿದರೆ ಇದು ನಿಲ್ಲುತ್ತದೆ. ನಾನು ಇನ್ನೊಂದು ಹೆಜ್ಜೆ ಹೋಗಿ, ಸಾಲನ್ನು ಪೂರ್ತಿ ಓದಿಕೊಂಡು, ಅಕ್ಷರಗಳ ಸಾಲನ್ನು ಸಂಖ್ಯೆ ಮಾಡಿಕೊಡುವ ಸಿಯ ಸ್ಟ್ರ್‌ಟೋಲ್‌ಗೆ ಕೊಟ್ಟೆ. ಯಾವ ಲೆಕ್ಕ ಎಂದು ಅದಕ್ಕೆ ನಾವೇ ಹೇಳಬೇಕು, 2ರಿಂದ 36ರವರೆಗೆ ಯಾವುದಾದರೂ ಸರಿ. ಅಲ್ಲಿ 0 ಕೊಟ್ಟರೆ ಮತ್ತೆ %ಐ ಆಟವೇ, ಅದಕ್ಕೆ 10 ಎಂದೆ. ಓದು ಎಲ್ಲಿ ನಿಂತಿತು ಅನ್ನೋದನ್ನೂ ಅದು ತೋರಿಸುತ್ತದೆ. ಮೊನ್ನೆ ಮಾವ ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ ಓ ಒತ್ತಿದ್ದರು. ಪ್ರೋಗ್ರಾಂ ಆ ಸಾಲನ್ನು ಸೇರಿಸಿಕೊಳ್ಳದೆ ವಾಪಸ್ ಕೇಳಿತು.