ಹೊಯ್ಸಳರ ಕಲ್ಲಿನಲ್ಲಿ ಮುಸುಕಿನ ಜೋಳ: ಮುಗಿಯದ ತಗಾದೆ

ಬೇಲೂರು–ಹಳೇಬೀಡು ಸುತ್ತುವವರ ಕಿವಿಗೆ ಈ ಮಾತು ಬೀಳದೆ ಇರುವುದಿಲ್ಲ: ಹೊಯ್ಸಳ ವಿಗ್ರಹಗಳ ಕೈಯಲ್ಲಿರುವುದು ಮುಸುಕಿನ ಜೋಳದ ತೆನೆ, ಅಂದರೆ ಕೊಲಂಬಸ್ ಹೊರಡುವ ಮೊದಲೇ ಅಮೆರಿಕದ ಬೆಳೆ ಇಲ್ಲಿತ್ತು.

ಕಡಲಾಚೆಯ ನಂಟಿನ ವಾದ ಹಳೆಯದು. ನಾಗರಿಕತೆಯೆಲ್ಲ ಈಜಿಪ್ಟಿನಿಂದ ಹರಡಿತು ಎಂದರು ಅಂಗರಚನಾಶಾಸ್ತ್ರಜ್ಞ ಗ್ರಾಫ್ಟನ್ ಎಲಿಯಟ್ ಸ್ಮಿತ್. 1947ರಲ್ಲಿ ನಾರ್ವೆಯ ಸಾಹಸಿ ಥಾರ್ ಹೆಯರ್‌ಡಾಲ್ ಪೆರುವಿನಿಂದ ಪಾಲಿನೇಷ್ಯಾಕ್ಕೆ ತೆಪ್ಪದಲ್ಲೇ ಹೋದರು. ಆ ವಾದ ಮುಂದೆ ನಮ್ಮ ಸೀಮೆಗೂ ಬಂತು. 1989ರಲ್ಲಿ ಅಮೆರಿಕದ ಭೂಗೋಳಜ್ಞ ಕಾರ್ಲ್ ಜೊಹಾನೆಸ್ಸನ್ ಮತ್ತು ಆ್ಯನ್ ಪಾರ್ಕರ್ 12–13ನೇ ಶತಮಾನದ ಹೊಯ್ಸಳ ಗುಡಿಗಳ ಶಿಲ್ಪ ನೋಡಿ, ಕಾಳಿನ ಸಾಲು, ತೆನೆಯ ಆಕಾರ ಪರೀಕ್ಷಿಸಿ, ಇದು ಮೆಕ್ಕೆಜೋಳವೇ ಎಂದು ಬರೆದರು. ನಾಲ್ಕೇ ವರ್ಷದಲ್ಲಿ, 1993ರಲ್ಲಿ, ಭಾರತದ ವಿಜ್ಞಾನಿಗಳಾದ ಪಾಯಕ್ ಮತ್ತು ಸಚನ್ ಸೋಮನಾಥಪುರದ (13ನೇ ಶತಮಾನ) ಶಿಲ್ಪಗಳನ್ನಿಟ್ಟುಕೊಂಡು ಅಲ್ಲವೆಂದರು. ಅವರ ಪ್ರಕಾರ ಅದು ಮುತ್ತು ಕೂರಿಸಿದ ಕಲ್ಪಿತ ಹಣ್ಣು, ಮುಕ್ತಾಫಲ. ದೇವತೆಗಳ ಕೈಗೆ ಮಾದಳದ ಹಣ್ಣು ಕೊಡುವ ರೂಢಿಯಂತೂ ನಮ್ಮ ಶಿಲ್ಪದಲ್ಲಿ ಇದ್ದೇ ಇದೆ.

ಕಲ್ಲಿನ ಮುಂದೆ ನಿಂತು ಪರೀಕ್ಷಿಸುವವರು ಎಡವುವುದು ಎಣಿಕೆಯಲ್ಲಿ. ನಿಜವಾದ ತೆನೆಯಲ್ಲಿ ಹೂಗೊಂಚಲು ಜೋಡಿಜೋಡಿಯಾಗಿ ಬರುವುದರಿಂದ ಕಾಳಿನ ಸಾಲುಗಳು ಸಾಮಾನ್ಯವಾಗಿ ಸರಿಸಂಖ್ಯೆಯವು: 8, 12, 14, 16. ಆದರೆ ಶಿಲ್ಪಿ ಕೆತ್ತಿದ್ದು ಕಣ್ಣಿಗೆ ಕಾಣುವ ಮಗ್ಗುಲನ್ನು ಮಾತ್ರ. ಹಿಂಬದಿ ಗೋಡೆಗೇ ಅಂಟಿಕೊಂಡಿದೆ. ಕಂಡಷ್ಟನ್ನು ಎಣಿಸಿ ದುಪ್ಪಟ್ಟು ಮಾಡಿದರೆ ಯಾವ ಸಂಖ್ಯೆಯೂ ಸರಿಸಂಖ್ಯೆಯೇ ಆಗುತ್ತದಲ್ಲ! ಅದಕ್ಕಿಂತ ಅದೇ ವಿಗ್ರಹದ ಹಾರ, ಕಿರೀಟದ ಮುತ್ತುಗಳನ್ನು ಕೈಯಲ್ಲಿರುವ 'ಕಾಳಿ'ನ ಪಕ್ಕಕ್ಕಿಟ್ಟು ನೋಡುವುದು ಲೇಸು. ಮೆತ್ತನೆಯ ಬಳಪದ ಕಲ್ಲಿನಲ್ಲಿ ಒಂದೇ ಉಳಿ ಎರಡನ್ನೂ ಬಿಡಿಸಬಲ್ಲದು.

ಹಳೆಗನ್ನಡದ 'ಜೋಳವಾಳಿ'ಯನ್ನು ಸಾಕ್ಷಿಗೆ ಎಳೆತರುವುದೂ ನಡೆಯದು. ಒಡೆಯನ ಅನ್ನದ ಋಣ ತೀರಿಸುವ ಆ ಮಾತಿನಲ್ಲಿರುವುದು ಬಿಳಿಜೋಳ. ಮೆಕ್ಸಿಕೋದ ಬೆಳೆಗೆ ಆ ಹೆಸರು ಅಂಟಿದ್ದು ಆಮೇಲೆ, 'ಮುಸುಕಿನ', 'ಮೆಕ್ಕೆ' ಸೇರಿಸಿಕೊಂಡು.

ಸಾಗರ ದಾಟಿದ ಬೆಳೆಯೇ ಇಲ್ಲವೆಂದಲ್ಲ. ದಕ್ಷಿಣ ಅಮೆರಿಕದ ಸಿಹಿಗೆಣಸು ಯುರೋಪಿನವರಿಗಿಂತ ಮೊದಲೇ ಪಾಲಿನೇಷ್ಯಾ ಸೇರಿತ್ತು. ಅದನ್ನು ಒಪ್ಪಿಸಿದ್ದು ಚಿತ್ರವಲ್ಲ, ಕುಕ್ ದ್ವೀಪಗಳ ಮಂಗಾಯಾದಲ್ಲಿ ಸಿಕ್ಕ ಕರಿಕಾದ ಗೆಣಸಿನ ಚೂರು. ಹೊಯ್ಸಳರ ರಾಜಧಾನಿ ದೋರಸಮುದ್ರದ ಮಟ್ಟಿಗೂ ಬೇಕಾದ್ದು ಅದೇ. ಹಳೆಯ ಹಗೇವು, ಒಲೆಗಳ ಮಣ್ಣನ್ನು ನೀರಿಗೆ ಹಾಕಿದರೆ ಸುಟ್ಟ ಕಾಳು ತೇಲುತ್ತದೆ. ಅರ್ಧ ಮಿಲಿಮೀಟರಿಗಿಂತ ದೊಡ್ಡದಲ್ಲದ ಕಣ್ಣಿನ ಜರಡಿಯಲ್ಲಿ ಅದನ್ನು ಹಿಡಿಯಬೇಕು. ಎಲ್ಲರೂ ಒಪ್ಪುವಂಥ ಮೆಕ್ಕೆಜೋಳದ ಕಾಳು ಹೀಗಿನ್ನೂ ಸಿಕ್ಕಿಲ್ಲ. ಸಿಕ್ಕರೂ ಪದರದ ಕಾಲ ಹೇಳಿದರೆ ಸಾಲದು. ಇಲಿ, ಇರುವೆ ಮೇಲಿನ ಕಾಳನ್ನು ಕೆಳಕ್ಕೆ ಒಯ್ಯುತ್ತವೆ, ಹಾಗಾಗಿ ಇಂಗಾಲದ ಪರೀಕ್ಷೆ ಆ ಕಾಳಿಗೇ ಆಗಬೇಕು.