ಚುಕ್ಕಿ ಹೆಂಗಿರಬೇಕು, ಗೆರಿ ನಡುವ ಎಷ್ಟು ಜಾಗ ಬಿಡಬೇಕು

2011ರ ಜನಗಣತಿ ಪ್ರಕಾರ ಸಾಕ್ಷರತಾ ಬೀದರ್‌ದಾಗ ಗಂಡಸರದ್ದು ಶೇ 79, ಹೆಣ್ಮಕ್ಕಳದ್ದು ಹತ್ತಿರ ಹತ್ತಿರ 62. ಕಲಬುರಗಿದಾಗ 74 ಮತ್ತ 55, ಯಾದಗಿರಿದಾಗ 62 ಮತ್ತ 41. ಆರೇ ಅಂಕಿ. ಇದನ್ನ ಬಾರ್ ಚಾರ್ಟ್ ಮಾಡಿದ್ರ ಆರು ದಪ್ಪ ಕಂಬ ನಿಲ್ತಾವ, ಹಾಳಿ ತುಂಬ ಮಸಿ ಅಷ್ಟ. ಅದರ ಬದಲಿ ಒಂದೊಂದು ಜಿಲ್ಲಾಕ್ಕ ಒಂದೊಂದು ತೆಳು ಅಡ್ಡ ಗೆರಿ ಎಳದು ಅದರ ಮ್ಯಾಲ ಎರಡೆರಡು ಚುಕ್ಕಿ ಇಟ್ಟು ನೋಡ್ರಿ (ಇದಕ್ಕ ಡಾಟ್ ಪ್ಲಾಟ್ ಅಂತಾರ), ಬೀದರ್ ಹೆಣ್ಮಕ್ಕಳ ಚುಕ್ಕಿ ಮತ್ತ ಯಾದಗಿರಿ ಗಂಡಸರ ಚುಕ್ಕಿ ಮ್ಯಾಲ ಕೆಳಗ ನೇರಕ್ಕ ಬಂದು ನಿಲ್ತಾವ! ಇದು ಟೇಬಲ್‌ದಾಗೂ ಇತ್ತು ಖರೆ, ಆದ್ರ ಯಾರ ಕಣ್ಣಿಗೂ ಬೀಳತಿದ್ದಿಲ್ಲ.

ಇದಕ್ಕ ಕಾರಣ ಅದ. 1984ರಾಗ ಅಮೆರಿಕಾದ ಸಂಖ್ಯಾಶಾಸ್ತ್ರಜ್ಞರಾದ ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತ ರಾಬರ್ಟ್ ಮೆಕ್‌ಗಿಲ್ ಜನರ ಮುಂದ ಗ್ರಾಫ್ ಇಟ್ಟು ಪರೀಕ್ಷಾ ಮಾಡಿದ್ರು, ಒಂದೇ ಅಳತಿಪಟ್ಟಿ ಮ್ಯಾಲ ಯಾವುದು ಎಲ್ಲಿ ಅದ ಅನ್ನೋದನ್ನ ನಮ್ಮ ಕಣ್ಣು ಭಾಳ ಸರಿಯಾಗಿ ಓದ್ತದ, ಕೋನ ಓದೂದರಾಗ ತಪ್ತದ, ಹಿಂಗಾಗಿ ಪೈ ಚಾರ್ಟ್ ಸೋಲ್ತದ. ಕ್ಲೀವ್‌ಲ್ಯಾಂಡ್ ಅವರೇ ಈ ಡಾಟ್ ಪ್ಲಾಟ್ ಬಳಸ್ರಿ ಅಂತ ಹೇಳಿದವರು.

ಆದ್ರ ಚುಕ್ಕಿ ಅಂದ್ರ ಚುಕ್ಕಿ ಅಂತ ಸಾಫ್ಟ್‌ವೇರ್ ಕೊಟ್ಟಿದ್ದನ್ನ ಹಂಗೇ ಬಿಟ್ರ ಮಜಾ ಹೋಗ್ತದ. ಗಂಡಸರಿಗಿ ನೀಲಿ, ಹೆಣ್ಮಕ್ಕಳಿಗಿ ಗುಲಾಬಿ (ಇದೊಂದು ಚಾಳಿ ಎಲ್ಲಿಂದ ಬಂತೋ) ಹಾಕ್ತಾರ, ಆಮ್ಯಾಲ ರಿಪೋರ್ಟ್ ಝೆರಾಕ್ಸ್ ಆಗಿ ಬಂದ್ರ ಎರಡೂ ಬೂದಿ ಬಣ್ಣ. ಅದಕ್ಕ ಒಂದು ತುಂಬಿದ ಚುಕ್ಕಿ, ಇನ್ನೊಂದು ಖಾಲಿ ಚುಕ್ಕಿ ಇಡ್ರಿ. ಖಾಲಿದರ ಇನ್ನೊಂದು ಲಾಭ ಅಂದ್ರ ಎರಡು ಒಂದರ ಮ್ಯಾಲೊಂದು ಕೂತ್ರೂ ಅಂಚು ಕಾಣ್ತದ. ಅಂಕಿ-ಅಂಶ ಲೆಕ್ಕ ಮಾಡೋ ಆರ್ (R) ಸಾಫ್ಟ್‌ವೇರ್‌ದಾಗ ಪಿಸಿಎಚ್ (ಚುಕ್ಕಿ ಆಕಾರ ಆರಿಸೋ ನಂಬರ್) 1 ಖಾಲಿ, 16 ತುಂಬಿದ್ದು, 21ರಿಂದ 25ರ ತನಕ ಅಂಚಿಗೊಂದು ಒಳಗೊಂದು ಬಣ್ಣ ಕೊಡಬಹುದು.

ಗೆರಿ ನಡುವಿನ ಜಾಗ ಇದಕ್ಕಿಂತ ಸೂಕ್ಷ್ಮ. ಹತ್ತಿರ ಇದ್ದಿದ್ದನ್ನ ಕಣ್ಣು ಜೋಡಿ ಅಂತ ಹಿಡೀತದ. ಸ್ಟೇಟಾ ಅನ್ನೋ ಇನ್ನೊಂದು ಅಂಥದೇ ಸಾಫ್ಟ್‌ವೇರ್‌ದಾಗ ನೀವು ಏನೂ ಹೇಳ್ಲಿಲ್ಲಂದ್ರ ಒಂದು ಜಿಲ್ಲಾದ ಎರಡೂ ಚುಕ್ಕಿ ಒಂದೇ ಗೆರಿ ಮ್ಯಾಲ ಬರ್ತಾವ, ಬ್ಯಾರೆ ಮಾಡಬೇಕಂದ್ರ ಲೈನ್‌ಗ್ಯಾಪ್ ಅನ್ನೋ ಆಪ್ಷನ್ ಅದ. ಅದನ್ನ ಭಾಳ ಹಿಗ್ಗಿಸಿಬಿಟ್ರ ಕಲಬುರಗಿ ಹೆಣ್ಮಕ್ಕಳ ಚುಕ್ಕಿ ಕೆಳಗಿನ ಯಾದಗಿರಿ ಗಂಡಸರ ಸಂಗಾಟ ಜೋಡಿ ಆದಂಗ ಕಾಣ್ತದ, ಓದೋರು ಪಕ್ಕಾ ತಪ್ಪು ತಿಳ್ಕೋತಾರ. ಜಿಲ್ಲಾ ಒಳಗಿನ ಗ್ಯಾಪ್ ಸಣ್ಣದು, ಜಿಲ್ಲಾ ಜಿಲ್ಲಾ ನಡುವಿಂದು ದೊಡ್ಡದು, ಇಷ್ಟು ನೆನಪಿದ್ರ ಸಾಕು. ಗೆರಿ ಸುದ್ದಾ ತಿಳಿ ಬೂದಿ ಇರಲಿ, ಕಪ್ಪು ಮಾಡಿದ್ರ ಚುಕ್ಕಿನೇ ಮುಚ್ಚಿಹೋಗ್ತದ.

ಮತ್ತ ಬಾರ್ ಆದ್ರ ಸೊನ್ನಿಯಿಂದಲೇ ಶುರು ಆಗಬೇಕು, ಯಾಕಂದ್ರ ಅಲ್ಲಿ ಉದ್ದ ಓದ್ತೀವಿ. ಚುಕ್ಕಿಗಿ ಆ ಕಟ್ಟು ಇಲ್ಲ, 35ರಿಂದ ಶುರು ಮಾಡ್ರಿ ನಡೀತದ. ಸ್ಟೇಟಾ ಮಾತ್ರ ತಾನಾಗೇ ಸೊನ್ನಿ ಸೇರಿಸ್ತದ, ಬ್ಯಾಡ ಅಂತ ನೀವೇ ಹೇಳಬೇಕು.