ಕುನ್ನಿಯನ್ನು ಮೊದಲು ತಕ್ಕಡಿಗೆ ಹಾಕಿ

ಮದ್ದೂರು ಕಡೆಯ ಆಲೆಮನೆಯೊಂದರಿಂದ ನಮ್ಮ ಮನೆಗೆ ಬಂದ ಕುನ್ನಿಗೆ ಹೊಟ್ಟೆ ಮಾತ್ರ ಗುಡಾಣದಂತಿತ್ತು. ಬೆನ್ನು ಸವರಿದರೆ ಮೂಳೆ ಎಣಿಸಬಹುದಿತ್ತು. "ಚೆನ್ನಾಗ್ ತಿಂದು ಬೆಳ್ದದೆ ಬುಡಿ ಸಾರ್" ಎಂದಿದ್ದರು ಕೊಟ್ಟವರು. ಮೂರನೇ ದಿನ ಬೆಳಿಗ್ಗೆ ಅದು ಕಕ್ಕಿತು. ಒತ್ತುಶಾವಿಗೆಯ ಎಳೆಗಳಂಥ ನಾಲ್ಕು ಬಿಳಿ ಹುಳುಗಳು ನೆಲದ ಮೇಲೆ ಸುರುಳಿ ಬಿಚ್ಚುತ್ತಿದ್ದವು. ಮನೆಯ ಹುಡುಗ ಅವತ್ತಿನಿಂದ ಶಾವಿಗೆ ಮುಟ್ಟಿಲ್ಲ.

ಸುದ್ದಿ ಹೊರಬಿದ್ದದ್ದೇ ತಡ, ಬೀದಿಯಲ್ಲಿ ವೈದ್ಯರಿಗೇನು ಬರ? ಹಿಂದಿನ ಬೀದಿಯವರು ತಮ್ಮ ಬನ್ನೂರು ಕುರಿಗಳಿಗೆ ಕುಡಿಸಿ ಉಳಿದಿದ್ದ ಅರ್ಧ ಬಾಟಲಿ ಔಷಧಿ ತಂದರು. ಎದುರುಮನೆಯವರು ಮಕ್ಕಳಿಗೆಂದು ತಂದಿಟ್ಟ ಆಲ್ಬೆಂಡಜೋಲ್ ಮಾತ್ರೆ ಕೊಟ್ಟರು. ಇನ್ನೊಬ್ಬರದು ಬೆಳ್ಳುಳ್ಳಿ ಅರೆದು ಬೆಲ್ಲದಲ್ಲಿ ತಿನ್ನಿಸುವ ಉಪಾಯ. ಮೂವರದೂ ಒಳ್ಳೆಯ ಮನಸ್ಸು. ಮೂರರಲ್ಲಿ ಯಾವುದನ್ನು ಹಾಕಿದ್ದರೂ ಮರಿಗೆ ಅಪಾಯವಿತ್ತು.

ದನದ ಡಾಕ್ಟರಿಗೆ ಫೋನು ಮಾಡಿದೆ. (ನಮ್ಮೂರಲ್ಲಿ ನಾಯಿ ನೋಡಿದರೂ ಅವರು ದನದ ಡಾಕ್ಟರೇ.) ಯಾವ ಔಷಧಿ ಅನ್ನುವುದಕ್ಕೆ ಮೊದಲು ಅವರು ಕೇಳಿದ್ದು ಒಂದೇ: "ತೂಕ ಎಷ್ಟು?" ಮೂರು ಕೆ.ಜಿ. ಇರಬಹುದು ಅಂದೆ. "ಇರಬಹುದು ಬೇಡ, ತೂಕ ಹಾಕಿಸಿ." ಮೂಲೆ ಅಂಗಡಿಯಲ್ಲಿ ಈರುಳ್ಳಿ ತೂಗುವ ತಕ್ಕಡಿಯ ಮೇಲೆ ಬುಟ್ಟಿಯಿಟ್ಟು ಮರಿಯನ್ನು ಕೂರಿಸಿದೆವು. ಅಂಕಿ ಕುಣಿದು ಕುಣಿದು 1 ಕೆ.ಜಿ. 600 ಗ್ರಾಂಗೆ ನಿಂತಿತು. ಉಬ್ಬಿದ ಹೊಟ್ಟೆ ಕಣ್ಣಿಗೆ ಮೋಸ ಮಾಡಿತ್ತು.

ಈಗ ಎದುರುಮನೆಯ ಮಾತ್ರೆಯ ಲೆಕ್ಕ ನೋಡಿ. 400 ಮಿ.ಗ್ರಾಂ ಮಾತ್ರೆ 60 ಕೆ.ಜಿ. ಮನುಷ್ಯನಿಗೆ ಕೆ.ಜಿ.ಗೆ 7 ಮಿ.ಗ್ರಾಂ ಕೂಡ ಆಗುವುದಿಲ್ಲ. ನಮ್ಮ ಕುನ್ನಿಗೆ ಅದೇ ಮಾತ್ರೆ ಕೆ.ಜಿ.ಗೆ 250 ಮಿ.ಗ್ರಾಂ. ಆಲ್ಬೆಂಡಜೋಲ್ ಹೆಚ್ಚಾದರೆ ನಾಯಿಯ ಮೂಳೆಯ ಮಜ್ಜೆ ಕುಗ್ಗಿ ರಕ್ತಕಣಗಳ ಉತ್ಪಾದನೆಯೇ ಕುಂಟುತ್ತದೆ. ಬೆಳ್ಳುಳ್ಳಿಯದೂ ರಕ್ತದ ಮೇಲೇ ಹೊಡೆತ. ಈರುಳ್ಳಿ ಜಾತಿಯದನ್ನೆಲ್ಲ ನಾಯಿಯ ಕೆಂಪು ರಕ್ತಕಣ ತಡೆದುಕೊಳ್ಳುವುದಿಲ್ಲ. ಕೊಕ್ಕೆಹುಳು ಮೊದಲೇ ರಕ್ತ ಹೀರಿ ಒಸಡು ಬಿಳಿಚಿಕೊಂಡ ಮರಿಗೆ ಇದನ್ನು ತಿನ್ನಿಸಿದರೆ ಗಾಯಕ್ಕೆ ಬರೆ ಎಳೆದಂತೆ.

ಕುರಿಯ ಬಾಟಲಿಯ ಚೀಟಿಯಲ್ಲಿ ಎರಡು ಹೆಸರಿದ್ದವು: ಐವರ್‌ಮೆಕ್ಟಿನ್, ಕ್ಲೋಸಾಂಟೆಲ್. ಎರಡನೆಯದು ಪ್ರಮಾಣ ಮೀರಿದರೆ ಕಣ್ಣಿನ ಒಳಪದರವನ್ನೇ ಕೆಡಿಸುತ್ತದೆ, ಅದನ್ನು ಕುಡಿದು ಕುರುಡಾದ ನಾಯಿಗಳಿವೆ. ಮೊದಲನೆಯದರ ಕತೆ ಸ್ವಲ್ಪ ಉದ್ದ. ಜಪಾನಿನ ಮಣ್ಣಿನ ಬ್ಯಾಕ್ಟೀರಿಯಾದಿಂದ ಹುಟ್ಟಿದ ಈ ಔಷಧಿಯ ಕೆಲಸಕ್ಕೆ ಸತೋಷಿ ಒಮುರಾ ಮತ್ತು ವಿಲಿಯಂ ಕ್ಯಾಂಬೆಲ್ ಅವರಿಗೆ 2015ರಲ್ಲಿ ನೊಬೆಲ್ ಬಂತು. ಹುಳುಗಳ ನರಗಳಲ್ಲಿ ಇರುವ, ನಮ್ಮಲ್ಲೂ ನಾಯಿಗಳಲ್ಲೂ ಇಲ್ಲದ ಒಂದು ಬಗೆಯ ಬಾಗಿಲನ್ನು ಇದು ತೆರೆದಿಟ್ಟುಬಿಡುತ್ತದೆ, ಹುಳು ನಿಶ್ಚಲವಾಗುತ್ತದೆ. ಆದರೆ ಮಿದುಳಿನೊಳಗೆ ಸೇರಿದರೆ ನಾಯಿಯ ನರಗಳಿಗೂ ಇದು ವಿಷವೇ. ಅಲ್ಲಿಗೆ ಹೋಗದಂತೆ ತಡೆಯಲು ರಕ್ತ ಮತ್ತು ಮಿದುಳಿನ ನಡುವೆ ಒಂದು ಪ್ರೋಟೀನ್ ಪಂಪು ಕಾವಲಿದೆ, ಒಳನುಗ್ಗಿದ ಔಷಧಿಯನ್ನು ಹಿಡಿದು ಹೊರದಬ್ಬುತ್ತದೆ. ಕೋಲಿಯಂಥ ಕೆಲವು ತಳಿಗಳಲ್ಲಿ ಆ ಪಂಪಿನ ಜೀನೇ ಮುರಿದಿರುತ್ತದೆ. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದವರು 2001ರಲ್ಲಿ ಇದನ್ನು ಪತ್ತೆಹಚ್ಚಿದರು. ನಮ್ಮದು ಕೋಲಿಯಲ್ಲ, ಬೀದಿನಾಯಿಯ ಮರಿ, ಸರಿ. ಆದರೆ ಎಳೆಮರಿಯಲ್ಲಿ ಕಾವಲಿನ್ನೂ ಬಲಿತಿರುವುದಿಲ್ಲ.

ಇಲ್ಲೂ ಲೆಕ್ಕವೇ ಮುಖ್ಯ. ಕುರಿಗೂ ದನಕ್ಕೂ ಹಾಕುವ ಶೇ. 1ರ ಐವರ್‌ಮೆಕ್ಟಿನ್ ಇಂಜೆಕ್ಷನ್ 1 ಎಂ.ಎಲ್.ನಲ್ಲಿ 10 ಮಿ.ಗ್ರಾಂ ಇರುತ್ತದೆ, ಅಷ್ಟು 50 ಕೆ.ಜಿ. ಪ್ರಾಣಿಗೆ ಸಾಕು. ನಾಯಿಗೆ ಹೃದಯದ ಹುಳು ಬಾರದಂತೆ ತಿಂಗಳಿಗೊಮ್ಮೆ ಕೊಡುವುದು ಕೆ.ಜಿ.ಗೆ 6 ಮೈಕ್ರೋಗ್ರಾಂ. ನಮ್ಮ ಮರಿಯ ತೂಕಕ್ಕೆ ಅದು ಸುಮಾರು 10 ಮೈಕ್ರೋಗ್ರಾಂ, ಅಂದರೆ ಆ 1 ಎಂ.ಎಲ್.ನ ಸಾವಿರದ ಒಂದು ಪಾಲು. ಯಾವ ಸಿರಿಂಜಿನಲ್ಲಿ ಅಳೆಯುತ್ತೀರಿ? ಹೆಚ್ಚಾದರೆ ಕಣ್ಣಿನ ಪಾಪೆ ಹಿಗ್ಗಿ, ಜೊಲ್ಲು ಸುರಿದು, ಮರಿ ತೂರಾಡಿ ಬೀಳುತ್ತದೆ. ಪ್ರತಿವಿಷವಿಲ್ಲ.

ಡಾಕ್ಟರು ಹೇಳಿದ್ದು ಪೈರಾಂಟೆಲ್ ದ್ರಾವಣ. ಎರಡು ವಾರದ ಮರಿಗೂ ಇದನ್ನು ಧೈರ್ಯವಾಗಿ ಕೊಡುವುದಕ್ಕೆ ಕಾರಣ ಸರಳ: ಕರುಳಿನಿಂದ ರಕ್ತಕ್ಕೆ ಅಷ್ಟಾಗಿ ಸೇರುವುದೇ ಇಲ್ಲ. ಕರುಳಲ್ಲೇ ಇದ್ದು ಹುಳುವಿನ ಸ್ನಾಯು ಸೆಟೆದುಕೊಳ್ಳುವಂತೆ ಮಾಡುತ್ತದೆ, ಹಿಡಿತ ತಪ್ಪಿದ ಹುಳು ಕಕ್ಕಸಿನ ಜೊತೆ ಹೊರಬರುತ್ತದೆ. ಇದರ ಬಲವೂ ಮಿತಿಯೂ ಇದೇ. ದುಂಡುಹುಳುವಿನ (ನಮ್ಮ ಕುನ್ನಿ ಕಕ್ಕಿದ ಶಾವಿಗೆಯಂಥ ಹುಳು) ಮರಿಗಳು ಆ ಹೊತ್ತಿಗೆ ಪಿತ್ತಜನಕಾಂಗದಲ್ಲೋ ಶ್ವಾಸಕೋಶದಲ್ಲೋ ಓಡಾಡುತ್ತಿದ್ದರೆ ಔಷಧಿ ಅಲ್ಲಿಗೆ ತಲುಪದು. ಅವು ಕರುಳಿಗೆ ಇಳಿದು ಬಲಿಯುವ ಹೊತ್ತಿಗೆ ಮತ್ತೊಂದು ಡೋಸು ಕಾದಿರಬೇಕು. ಅದಕ್ಕೇ ಎರಡನೇ ವಾರದಿಂದ ಶುರುಮಾಡಿ ಎರಡು ವಾರಕ್ಕೊಮ್ಮೆ, ಎರಡು ಮೂರು ತಿಂಗಳ ತನಕ. ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಂದು, ದೊಡ್ಡದಾದ ಮೇಲೆ ಮೂರು ತಿಂಗಳಿಗೊಂದು. ಒಂದು ಸಲ ಕೊಟ್ಟು "ಹುಳ ಬಿತ್ತು, ಮುಗೀತು" ಅನ್ನುವವರ ಮರಿಗೇ ಮತ್ತೆ ಹೊಟ್ಟೆ ಉಬ್ಬುವುದು.

ಎರಡು ವಾರದ ಮರಿಗೆ ಹುಳ ಎಲ್ಲಿಂದ ಬಂತು? ತಾಯಿಯಿಂದಲೇ. ದುಂಡುಹುಳುವಿನ ಮರಿಗಳು ತಾಯಿನಾಯಿಯ ಮಾಂಸದಲ್ಲಿ ವರ್ಷಗಟ್ಟಲೆ ಮಲಗಿದ್ದು, ಬಸಿರಿನ ಕೊನೆಯ ಮೂರು ವಾರದಲ್ಲಿ ಎದ್ದು ಮಾಸು ದಾಟಿ ಭ್ರೂಣ ಸೇರುತ್ತವೆ. ಕೊಕ್ಕೆಹುಳು ಹಾಲಿನಲ್ಲಿ ಬರುತ್ತದೆ. ಹಾಗಾಗಿ ಮರಿಗೆ ಕೊಡುವ ದಿನವೇ ತಾಯಿಗೂ ಕೊಡಬೇಕು. ಗಬ್ಬದ ನಾಯಿಗೆ ಫೆನ್‌ಬೆಂಡಜೋಲ್ ಕೊಡುವ ಕ್ರಮವೂ ಇದೆ, ಆದರೆ ಅದು ವಾರಗಟ್ಟಲೆ ದಿನಾ ಕೊಡುವಂಥದ್ದು, ಡಾಕ್ಟರು ನೋಡಿಯೇ ಆಗಬೇಕು.

ಲಾಡಿಹುಳುವಿಗೆ ಪೈರಾಂಟೆಲ್ ನಾಟುವುದಿಲ್ಲ, ಪ್ರಾಜಿಕ್ವಾಂಟೆಲ್ ಬೇಕು. ನಾಯಿ ಮಲಗಿದ್ದ ಗೋಣಿಚೀಲದ ಮೇಲೆ ಒಣಗಿದ ಅಕ್ಕಿಕಾಳಿನಂಥದ್ದು ಕಂಡರೆ ಅದು ಲಾಡಿಹುಳುವಿನ ತುಂಡು. ಚಿಗಟ ನುಂಗಿದ ನಾಯಿಗೆ ಇದು ಬರುತ್ತದೆ, ಚಿಗಟ ಉಳಿಸಿಕೊಂಡು ಮಾತ್ರೆ ನುಂಗಿಸಿ ಫಲವಿಲ್ಲ. ಹಿಂದೆ ಲಾಡಿಹುಳುಗಳಿಗೆ ಅಡಿಕೆಯಿಂದ ತೆಗೆದ ಅರೆಕೋಲಿನ್ ಔಷಧಿಯಾಗಿತ್ತು, ನ್ಯೂಜಿಲೆಂಡಿನಲ್ಲಿ ಊರೂರಿನ ನಾಯಿಗಳಿಗೆ ಕುಡಿಸುತ್ತಿದ್ದರು. ವೀಳ್ಯದೆಲೆಯ ಊರಿನವನಾಗಿ ನನಗಿದು ಹೆಮ್ಮೆಯ ವಿಷಯವಾಗಬೇಕಿತ್ತು. ಆದರೆ ನಾಯಿಗೆ ಭೇದಿ ಹತ್ತಿ ಕಂಗಾಲಾಗುತ್ತಿತ್ತು, 1970ರ ದಶಕದಲ್ಲಿ ಪ್ರಾಜಿಕ್ವಾಂಟೆಲ್ ಬಂದು ಅದನ್ನು ಮೂಲೆಗೆ ತಳ್ಳಿತು. ಹುಳದ ಔಷಧಿಗೆ ಮೊದಲು ಉಪವಾಸ, ಆಮೇಲೆ ಹರಳೆಣ್ಣೆ ಅನ್ನುವುದೂ ಆ ಹಳೇ ಕಾಲದ ರೂಢಿ. ಈಗಿನ ಔಷಧಿಗೆ ಎರಡೂ ಬೇಡ. ಎಳೆಮರಿಯನ್ನು ಉಪವಾಸ ಕೆಡವಿದರೆ ರಕ್ತದ ಸಕ್ಕರೆ ಕುಸಿಯುತ್ತದೆ.

ಅಂಗಡಿಯಲ್ಲಿ ಸಿಗುವ ಮೂರು ಔಷಧಿ ಸೇರಿದ ಮಾತ್ರೆ ಸಾಮಾನ್ಯವಾಗಿ 10 ಕೆ.ಜಿ.ಗೆ ಒಂದು. ದೊಡ್ಡ ನಾಯಿಗೆ ರಾಗಿಮುದ್ದೆಯ ತುಣುಕಿನಲ್ಲಿ ಅಡಗಿಸಿ ಕೊಟ್ಟರಾಯಿತು. ಒಂದೂವರೆ ಕೆ.ಜಿ. ಮರಿಗೆ ಅದನ್ನು ಆರೇಳು ಚೂರು ಮಾಡುವ ಸಾಹಸ ಬೇಡ, ದ್ರಾವಣವೇ ಲೇಸು. ಬಾಟಲಿ ಬದಲಾದರೆ ಎಂ.ಎಲ್. ಲೆಕ್ಕವೂ ಬದಲಾದೀತು, ಚೀಟಿ ಓದಿ. ಇನ್ನು ಮರಿ ಮಂಕಾಗಿ, ಊಟ ಬಿಟ್ಟು, ರಕ್ತಭೇದಿ ಮಾಡುತ್ತಿದ್ದರೆ ಹುಳದ ಔಷಧಿ ಹಾಕಿ ಕಾಯುತ್ತ ಕೂರಬೇಡಿ. ಅದು ಪಾರ್ವೋ ಎಂಬ ವೈರಸ್ ಕಾಯಿಲೆ ಇರಬಹುದು. ನೇರ ಆಸ್ಪತ್ರೆಗೆ.

ಮರಿಯ ಕಕ್ಕಸನ್ನು ಅವತ್ತವತ್ತೇ ಎತ್ತಿಬಿಟ್ಟರೆ ಮಕ್ಕಳಿಗೂ ಕ್ಷೇಮ. ದುಂಡುಹುಳುವಿನ ಮೊಟ್ಟೆ ಸೋಂಕು ತಗಲಿಸುವಷ್ಟು ಬಲಿಯಲು ಮಣ್ಣಿನಲ್ಲಿ ಎರಡು ವಾರವಾದರೂ ಬೇಕು. ಬಲಿತ ಮೇಲೆ ವರ್ಷಗಟ್ಟಲೆ ಬಾಳುತ್ತದೆ, ಮಗುವಿನ ಬೆರಳಿನಿಂದ ಬಾಯಿಗೆ ಹೋದರೆ ಅದರ ಮರಿ ಕಣ್ಣಿನ ತನಕ ಹೋಗಬಲ್ಲದು.

ಎರಡು ವಾರ ಬಿಟ್ಟು ಎರಡನೇ ಡೋಸಿಗೆ ಮತ್ತೆ ಅದೇ ಅಂಗಡಿಗೆ ಹೋದೆವು. ಅಂಗಡಿಯವರು ಕೇಳುವ ಮೊದಲೇ ಈರುಳ್ಳಿ ಸರಿಸಿ ಬುಟ್ಟಿ ಇಟ್ಟರು. ಅಂಕಿ ನಿಂತದ್ದು ನೋಡಿ, ಮರಿಯನ್ನು ನೋಡಿ, ಮತ್ತೆ ಅಂಕಿ ನೋಡಿದರು. "ಎರಡು ಮುನ್ನೂರು ಸಾರ್. ಹೊಟ್ಟೆ ಎಲ್ಲೋಯ್ತು?"